ವ್ಯಸನಗಳ ವರ್ಗೀಕರಣ ಮತ್ತು ನಿಪ್ಪಾಣಿ ಸೀಮೆಯ ತಂಬಾಕು

ವ್ಯಸನಮುಕ್ತಿಯ ಆಪ್ತಸಮಾಲೋಚನೆಯಲ್ಲಿ ಅಮಲು ಪದಾರ್ಥಗಳನ್ನು ಮೆದುಳಿನ ಮೇಲೆ ಅವು ಮಾಡುವ ಪರಿಣಾಮ ನೋಡಿ ವಿಂಗಡಿಸುತ್ತಾರೆ. ಮದ್ಯ ಮೆದುಳನ್ನು ಮಂದಗೊಳಿಸುತ್ತದೆ. ಅಫೀಮು ನೋವು ಮರೆಸುತ್ತದೆ, ಹೆಚ್ಚಾದರೆ ಉಸಿರನ್ನೇ ಕುಗ್ಗಿಸುತ್ತದೆ. ಗಾಂಜಾ ಹೊತ್ತಿನ ಅಂದಾಜು ತಪ್ಪಿಸುತ್ತದೆ. ತಂಬಾಕಿನ ನಿಕೋಟಿನ್ ಉತ್ತೇಜಕ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕುಡಚಿ ಕಡೆಯವರು ದಿನವೂ ಕಾಣುವ ಈ ತಂಬಾಕನ್ನು ವ್ಯಸನವೆಂದು ವೈದ್ಯಲೋಕ ಒಪ್ಪಿಕೊಂಡದ್ದು ಬಹಳ ತಡವಾಗಿ.

ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಈ ಸೊಪ್ಪನ್ನು ಮೊದಲು ಕಂಡದ್ದು ಆದಿಲ್‌ಶಾಹಿ ಬಿಜಾಪುರದಲ್ಲಿ. ಅದನ್ನು ಬಾದಶಹನ ಮುಂದಿಟ್ಟಾಗ ಆಸ್ಥಾನದ ಹಕೀಮ ಬೇಡವೆಂದ. ಅದರ ಸತ್ವ ನಿಕೋಟಿನ್ನನ್ನು ಜರ್ಮನಿಯಲ್ಲಿ 1828ರಲ್ಲಿ ಬೇರ್ಪಡಿಸಿದರು. 1924ರಲ್ಲಿ ಔಷಧವಿಜ್ಞಾನಿ ಲೂಯಿಸ್ ಲೆವಿನ್ ಅಮಲು ಪದಾರ್ಥಗಳನ್ನು ಐದು ಗುಂಪು ಮಾಡಿ ತಂಬಾಕನ್ನು ಉತ್ತೇಜಕಗಳಲ್ಲಿ ಸೇರಿಸಿದ. ಆದರೂ ಅಮೆರಿಕದ 1964ರ ಸರ್ಕಾರಿ ವರದಿ ಅದನ್ನು ಬರೀ ರೂಢಿಯೆಂದಿತು. ಹೆರಾಯಿನ್ನಿನಂತೆಯೇ ವ್ಯಸನಕಾರಿಯೆಂದು ಅಲ್ಲಿನ ವರದಿ ಹೇಳಲು 1988 ಆಗಬೇಕಾಯಿತು.

ಅಷ್ಟರಲ್ಲಿ ಬೀಡಿಯ ಜರ್ದಾ ನಿಪ್ಪಾಣಿಯ ಅನ್ನವಾಗಿತ್ತು. 1981ರಲ್ಲಿ ಬೆಳೆಗಾರರು ಬೆಲೆಗಾಗಿ ರಸ್ತೆ ತಡೆದು ಕುಳಿತಾಗ ಗೋಲಿಬಾರಿನಲ್ಲಿ ರೈತರು ಸತ್ತರು. ವಖಾರಿಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದರು. ಈ ಸೀಮೆಯಲ್ಲಿ ತಂಬಾಕಿನ ಕೇಡನ್ನು ಮಾತಾಡುವವರು ಈ ಹೊಟ್ಟೆಪಾಡನ್ನೂ ಮಾತಾಡಲೇಬೇಕು.

ಕಾನೂನಿನ ವಿಂಗಡಣೆ ಬೇರೆಯೇ. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಮದ್ಯವನ್ನು ಗುರಿಮಾಡಿತ್ತು. 1985ರ ಮಾದಕವಸ್ತು ಕಾಯ್ದೆ ಅಫೀಮು, ಕೋಕಾ, ಗಾಂಜಾಗಳನ್ನು ಹಿಡಿಯಿತು. ಮದ್ಯ, ತಂಬಾಕು ಅದರ ಹೊರಗೇ ಉಳಿದವು. ಕರ್ನಾಟಕದಲ್ಲಿ ಸಾರಾಯಿ 2007ರಲ್ಲಿ, ಗುಟಕಾ 2013ರಲ್ಲಿ ನಿಷೇಧವಾದವು. ಕಾಯ್ದೆಯ ಪಟ್ಟಿಯಲ್ಲಿಲ್ಲದ್ದು ಮೈಗೆ ಹಗುರವೆಂದು ನಂಬಿದವರೇ ಹೆಚ್ಚು. ಆದರೆ ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗಿಟ್ಟರೆ ನಿಕೋಟಿನ್ ಇನ್ನೂ ಬೇಗ ರಕ್ತಕ್ಕಿಳಿಯುತ್ತದೆ. ಹಲ್ಲಿಗೆ ಮಿಶ್ರಿ ಎಂಬ ಹುರಿದ ತಂಬಾಕಿನ ಪುಡಿ ತಿಕ್ಕುವ ಹೆಂಗಸರಿಗೂ ಅದೇ ನಿಕೋಟಿನ್ ಅಂಟಿಕೊಳ್ಳುತ್ತದೆ.

ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಊರೂರಲ್ಲಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಆ ಜೋಳಿಗೆಗೆ ಬೀಡಿ, ಬಾಟಲಿ ಎಂಬ ಭೇದವಿರಲಿಲ್ಲ. ಅದು ದೊಡ್ಡ ಮಾತು. ಬಿಟ್ಟ ಮೇಲಿನ ದಿನಗಳಲ್ಲಿ ಮಾತ್ರ ಭೇದ ಎಣಿಸಲೇಬೇಕು. ತಂಬಾಕು ಬಿಟ್ಟವನಿಗೆ ಸಿಡಿಮಿಡಿ, ಹಸಿವು, ನಿದ್ದೆಗೇಡು ಕೆಲವು ವಾರ ಕಾಡುತ್ತವೆ, ಜೀವಭಯವಿಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬಂದು ಸಾಯಲೂಬಹುದು. ಅವನನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು, ಸಮಾಲೋಚನೆ ಆಮೇಲೆ.