ಛಾಯಾಚಿತ್ರಗಳ ಒಳಟಿಪ್ಪಣಿಯೂ ಕಾಲನಿರ್ಣಯವೂ

ಶಾಸನವೊಂದು ದೊರೆತಾಗ ಅದರ ಶಕವರ್ಷ, ತಿಥಿವಾರಗಳು, ಲಿಪಿಯ ಸ್ವರೂಪ ಇವುಗಳನ್ನು ಪರಿಶೀಲಿಸದೆ ಕಾಲನಿರ್ಣಯಕ್ಕೆ ಕೈಹಾಕುವ ಸಾಹಸವನ್ನು ಇತಿಹಾಸದ ವಿದ್ಯಾರ್ಥಿಯು ಮಾಡುವುದಿಲ್ಲ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆಯು ಅಷ್ಟಾಗಿ ಕಂಡುಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಓದಬೇಕಾಗಿ ಬಂದ ಒಂದು ಪ್ರಬಂಧದಲ್ಲಿ ಶಿಥಿಲವಾದ ದೇವಾಲಯದ ಚಿತ್ರವೊಂದಿತ್ತು. ಅದರ ಕೆಳಗೆ 2009 ಎಂದು ಬರೆದು, ದೇವಾಲಯದ ಜೀರ್ಣೋದ್ಧಾರವು ಆ ವರ್ಷದ ತರುವಾಯವೇ ನಡೆದಿರಬೇಕೆಂದು ಸಾಧಿಸಲಾಗಿತ್ತು. ಚಿತ್ರವಾದರೋ ನೋಡಿದೊಡನೆಯೇ ಬಹು ಹಳೆಯದೆಂದು ತೋರುತ್ತಿತ್ತು. ವಿದ್ಯಾರ್ಥಿಯು ಸುಳ್ಳು ಬರೆದಿರಲಿಲ್ಲ. ಗಣಕಯಂತ್ರದ ಪರದೆಯು ತೋರಿಸಿದ ವರ್ಷವನ್ನು ನಂಬಿದ್ದನು, ಅಷ್ಟೆ.

ಆ ವರ್ಷವು ಎಲ್ಲಿಂದ ಬಂದಿತು? ಇಂದಿನ ಛಾಯಾಚಿತ್ರದ ಕಡತದಲ್ಲಿ ಚಿತ್ರವಲ್ಲದೆ ಚಿತ್ರವನ್ನು ಕುರಿತ ಬರೆಹವೂ ಅಡಗಿರುತ್ತದೆ. ಮೆಟಾಡೇಟಾ ಎಂದು ಕರೆಯಲ್ಪಡುವ ಇದನ್ನು ನಾವು ಇಲ್ಲಿ ಒಳಟಿಪ್ಪಣಿ ಎನ್ನುತ್ತೇವೆ. ಇದು ಒಂದೇ ಕೈಯ ಬರೆಹವಲ್ಲ. 1965ರಲ್ಲಿ ಸ್ಥಾಪಿತವಾದ ಐ.ಪಿ.ಟಿ.ಸಿ. ಎಂಬ ಪತ್ರಿಕೋದ್ಯಮದ ಅಂತರರಾಷ್ಟ್ರೀಯ ಸಂಸ್ಥೆಯು ಸುದ್ದಿಚಿತ್ರಗಳಿಗಾಗಿ ರೂಪಿಸಿದ ಪದ್ಧತಿಯು 1990ರ ದಶಕದಲ್ಲಿ ಬಳಕೆಗೆ ಬಂದಿತು. 1995ರಲ್ಲಿ ಜಪಾನಿನ ಉದ್ಯಮಸಂಘವೊಂದು ಕ್ಯಾಮೆರಾಗಳಿಗಾಗಿ ಎಕ್ಸಿಫ್ ಎಂಬುದನ್ನು ಪ್ರಕಟಿಸಿತು. 2001ರಲ್ಲಿ ಅಡೋಬಿ ಸಂಸ್ಥೆಯು ಎಕ್ಸ್.ಎಂ.ಪಿ. ಎಂಬ ಮೂರನೆಯದನ್ನು ತಂದಿತು. ಒಂದೇ ಕಡತದಲ್ಲಿ ಈ ಮೂರೂ ಒಟ್ಟಿಗೆ ಇರಬಹುದು. ಒಂದು ಹೇಳಿದುದನ್ನು ಇನ್ನೊಂದು ಅಲ್ಲಗಳೆಯಲೂಬಹುದು. ಒಂದೇ ಕಲ್ಲಿನ ಮೇಲೆ ಬೇರೆ ಬೇರೆ ಕಾಲದ ಕೈಗಳು ಕೆತ್ತಿದುದನ್ನು ಕಂಡವರಿಗೆ ಇದು ಹೊಸದೆನಿಸದು.

ತೊಡಕಿನ ಮೂಲವು ದಿನಾಂಕದಲ್ಲಿದೆ. ಎಕ್ಸಿಫ್ ಪದ್ಧತಿಯಲ್ಲಿ ಮೂರು ದಿನಾಂಕಗಳಿಗೆ ಎಡೆಯುಂಟು: ಚಿತ್ರವನ್ನು ತೆಗೆದುದು, ಅದು ಅಂಕೀಯ ರೂಪಕ್ಕೆ ಬಂದುದು, ಕಡತವು ಬದಲಾದುದು. ಹೊಸ ಕ್ಯಾಮೆರಾದ ಚಿತ್ರದಲ್ಲಿ ಮೊದಲಿನ ಎರಡು ಒಂದೇ ಆಗಿರುವುದರಿಂದ ಭೇದವು ತೋರುವುದಿಲ್ಲ. ಹಳೆಯ ಚಿತ್ರದ ವಿಷಯ ಬೇರೆ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆಯವರು ಪ್ರಕಟಿಸಿದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವನ್ನೇ ತೆಗೆದುಕೊಳ್ಳೋಣ. ಅದರ ಬರೆಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ನರದು. ಚಿತ್ರಗಳು ಪಿಗೋ, ನೀಲ್, ಬಿಗ್ಸ್ ಎಂಬವರವು. ಬಿಗ್ಸನು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದುದು 1855ರಲ್ಲಿ. ಆ ಗ್ರಂಥದ ಪುಟವೊಂದನ್ನು ಇಂದು ಸ್ಕ್ಯಾನ್ ಮಾಡಿದರೆ ಚಿತ್ರದ ಕಾಲ, ಮುದ್ರಣದ ಕಾಲ, ಸ್ಕ್ಯಾನಿನ ಕಾಲ ಎಂದು ಮೂರು ಕಾಲಗಳು ಒಂದೆಡೆ ಸೇರುತ್ತವೆ. ಯಂತ್ರವು ತಾನಾಗಿ ಬಲ್ಲದ್ದು ಕೊನೆಯದೊಂದನ್ನೇ. ಮೊದಲನೆಯ ಎಡೆಯು ಬರಿದಾಗಿದ್ದರೆ ದೊರೆತ ದಿನಾಂಕವನ್ನೇ ಚಿತ್ರದ ಕಾಲವೆಂದು ತೋರಿಸಿ, ಅದರಂತೆಯೇ ಚಿತ್ರಗಳನ್ನು ಜೋಡಿಸುವ ತಂತ್ರಾಂಶಗಳೂ ಉಂಟು.

ಇಲ್ಲಿ ಪತ್ರಿಕೆಯವರ ವಿವೇಕವನ್ನು ಮೆಚ್ಚಬೇಕು. ಐ.ಪಿ.ಟಿ.ಸಿ. ಪದ್ಧತಿಯಲ್ಲಿ ದಿನಾಂಕವೆಂದರೆ ಪ್ರತಿಯು ಹುಟ್ಟಿದ ದಿನವಲ್ಲ, ಅದರಲ್ಲಿರುವ ವಿಷಯವು ರೂಪುಗೊಂಡ ದಿನ. ತಿಂಗಳೂ ದಿನವೂ ತಿಳಿಯದಿದ್ದರೆ ಆ ಸ್ಥಳದಲ್ಲಿ ಸೊನ್ನೆಗಳನ್ನು ಬರೆಯಬಹುದು. ಬಿಗ್ಸನ ಚಿತ್ರಕ್ಕೆ 18550000 ಎಂದರೆ ಸಾಕು. ಎಕ್ಸ್.ಎಂ.ಪಿ.ಯೂ ಬರಿಯ ವರ್ಷವನ್ನು ಒಪ್ಪುತ್ತದೆ. ತಿಳಿಯದು ಎಂದು ಹೇಳಲು ಎಡೆಗೊಡದ ದಾಖಲೆಯು ಸುಳ್ಳನ್ನು ಬರೆಯಿಸುತ್ತದೆ. ತಿಂಗಳು ದಿನಗಳನ್ನು ಕೇಳಿದ ತಂತ್ರಾಂಶಕ್ಕೆ ಜನವರಿ 1 ಎಂದು ತುಂಬಿಸಿ ಮುಂದೆ ಹೋದವರು ನಮ್ಮಲ್ಲಿ ಎಷ್ಟು ಮಂದಿಯೋ!

ಆದುದರಿಂದ ಇಂತಹ ತಂತ್ರಾಂಶದ ಸುಧಾರಣೆ ಎಂದರೆ ಅಂದವೂ ವೇಗವೂ ಅಲ್ಲ, ಹಳೆಯ ಬರೆಹವನ್ನು ಅಳಿಸದಿರುವುದು ಎಂಬುದು ನಮ್ಮ ಅಭಿಪ್ರಾಯ. ಹಿಂದಿನ ಕೆಲವು ತಂತ್ರಾಂಶಗಳು ಚಿತ್ರವನ್ನು ಪಕ್ಕಕ್ಕೆ ತಿರುಗಿಸಿ ಉಳಿಸಿದ ಮಾತ್ರಕ್ಕೆ, ಕ್ಯಾಮೆರಾ ತಯಾರಕರು ಬರೆದಿಟ್ಟ ವಿವರಗಳನ್ನು ಕೆಡಿಸುತ್ತಿದ್ದುವು. 2003ರಲ್ಲಿ ಕೆನಡಾದ ಫಿಲ್ ಹಾರ್ವೆಯವರು ಹೊರತಂದ ಎಕ್ಸಿಫ್‌ಟೂಲ್ ಎಂಬ ಉಪಕರಣವು ತಿದ್ದುಪಡಿಯಾದಾಗ ಮೂಲಕಡತವನ್ನು ಬೇರೆ ಹೆಸರಿನಿಂದ ತಾನಾಗಿಯೇ ಉಳಿಸುತ್ತದೆ. ಕೇಳಿದರೆ ಮೂರು ಪದ್ಧತಿಗಳ ವಿವರಗಳನ್ನೂ ಅವುಗಳ ಗುಂಪಿನ ಹೆಸರಿನೊಡನೆ ಬೇರೆಬೇರೆಯಾಗಿ ತೋರಿಸುತ್ತದೆ. ಡಿಜಿಕ್ಯಾಮ್ ಎಂಬುದರಲ್ಲಿಯೂ ಈ ಗುಂಪುಗಳನ್ನು ಪ್ರತ್ಯೇಕವಾಗಿ ನೋಡಬಹುದು. ಮೂಲವನ್ನು ಮುಟ್ಟದೆ ಟಿಪ್ಪಣಿಯನ್ನು ಪಕ್ಕದ ಕಡತದಲ್ಲಿ ಬರೆದಿಡುವ ಅನುಕೂಲವೂ ಅದರಲ್ಲಿದೆ. ಅಡೋಬಿ, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಕೂಡಿ, ಮೂರು ಪದ್ಧತಿಗಳು ಭಿನ್ನವಾಗಿ ನುಡಿದಾಗ ಯಾವುದನ್ನು ಹೇಗೆ ಓದಬೇಕೆಂಬ ಸೂತ್ರಗಳನ್ನು ಪ್ರಕಟಿಸಿದುದರ ಎರಡನೆಯ ಆವೃತ್ತಿಯು 2010ರಲ್ಲಿ ಬಂದಿತು. 2016ರ ಎಕ್ಸಿಫ್ ಪರಿಷ್ಕರಣದಲ್ಲಿ ಗಂಟೆಯೊಡನೆ ಅದು ಯಾವ ವಲಯದ ಗಂಟೆ ಎಂಬುದನ್ನು ನಮೂದಿಸಲು ಎಡೆ ದೊರೆಯಿತು. ಅಲ್ಲಿಯವರೆಗೆ ಲಂಡನ್ನಿನ ಬೆಳಗೂ ಬೆಂಗಳೂರಿನ ಬೆಳಗೂ ಕಡತದಲ್ಲಿ ಒಂದೇ ಆಗಿದ್ದುವು.

ಕನ್ನಡದಲ್ಲಿ ಬರೆಯುವವರ ಕಷ್ಟವು ಬೇರೆ. ಐ.ಪಿ.ಟಿ.ಸಿ.ಯ ಹಳೆಯ ಪದ್ಧತಿಯಲ್ಲಿ ಊರಿನ ಹೆಸರಿಗೆ 32 ಬೈಟುಗಳ ಮಿತಿ. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕಾದರೆ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ಕಾಗುಣಿತದ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. ‘ಶ್ರೀರಂಗಪಟ್ಟಣ’ ಎಂಬುದು 12 ಸಂಕೇತಗಳು, ಎಂದರೆ 36 ಬೈಟುಗಳು. ಮಿತಿಯನ್ನು ಪಾಲಿಸುವ ತಂತ್ರಾಂಶವು ಅದನ್ನು ‘ಶ್ರೀರಂಗಪಟ್’ ಎಂಬಲ್ಲಿಗೆ ಕಡಿದುಹಾಕೀತು. ಎಕ್ಸಿಫ್‌ನ ವಿವರಣೆಯ ಎಡೆಯು ನಿಯಮದ ಪ್ರಕಾರ ರೋಮನ್ ಲಿಪಿಗೇ ಮೀಸಲಾಗಿತ್ತು. 2023ರ ಮೂರನೆಯ ಆವೃತ್ತಿಯಲ್ಲಷ್ಟೇ ಅಲ್ಲಿ ಯೂನಿಕೋಡಿಗೆ ಮಾನ್ಯತೆ ದೊರೆಯಿತು. ಇಂತಹ ಮಿತಿಗಳಿಲ್ಲದ ಎಕ್ಸ್.ಎಂ.ಪಿ.ಯಲ್ಲಿ ಕನ್ನಡವನ್ನು ಬರೆಯುವುದೇ ಲೇಸು. ಇದಕ್ಕೂ ಮೊದಲು ನುಡಿ ಮೊದಲಾದ ಲಿಪಿತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬರೆದಿಟ್ಟ ಟಿಪ್ಪಣಿಗಳು ಇಂದು ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಸವೆಂದು ಬಗೆದು ಅವನ್ನು ಅಳಿಸಿದವರುಂಟು.

ಮೇಲೆ ಹೇಳಿದ ದೇವಾಲಯದ ಚಿತ್ರದಲ್ಲಿಯೂ ಅಂತಹುದೇ ಕಸವಿತ್ತು. ವಿದ್ಯಾರ್ಥಿಯ ಬಳಿಯಿದ್ದ ಪ್ರತಿಯು ಮೊಬೈಲಿನ ಸಂದೇಶದ ಮೂಲಕ ಬಂದುದಾದ್ದರಿಂದ ಅದರಲ್ಲಿ ಒಳಟಿಪ್ಪಣಿಯೇ ಉಳಿದಿರಲಿಲ್ಲ. 2009 ಎಂಬುದನ್ನು ಅವನು ಕಳುಹಿಸಿದವರ ಗಣಕಯಂತ್ರದ ಪರದೆಯಲ್ಲಿ ಕಂಡಿದ್ದನು. ನಾವು ಆ ಮನೆಯವರಿಂದ ಮೂಲಕಡತವನ್ನು ತರಿಸಿ ಎಕ್ಸಿಫ್‌ಟೂಲಿನಿಂದ ತೆರೆದೆವು. ಚಿತ್ರ ತೆಗೆದ ದಿನಾಂಕದ ಎಡೆಯು ಬರಿದಾಗಿತ್ತು. ಅಂಕೀಯ ರೂಪಕ್ಕೆ ಬಂದ ದಿನಾಂಕದಲ್ಲಿ 2009 ಇತ್ತು. ಐ.ಪಿ.ಟಿ.ಸಿ. ವಿವರಣೆಯಲ್ಲಿ ಒಂದೂವರೆ ಸಾಲಿನಷ್ಟು ರೋಮನ್ ಅಕ್ಷರಗಳಿದ್ದುವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ, ಚಿತ್ರವನ್ನು ಬರೆದವರ ತಂದೆಯವರು 1938ರ ಜಾತ್ರೆಯ ಮರುದಿನ ತೆಗೆದರೆಂಬ ಕನ್ನಡ ವಾಕ್ಯವು ದೊರೆಯಿತು. ಜೀರ್ಣೋದ್ಧಾರವನ್ನು ಕುರಿತ ಅಧ್ಯಾಯವನ್ನು ವಿದ್ಯಾರ್ಥಿಯು ಮೊದಲಿನಿಂದ ಬರೆಯಬೇಕಾಯಿತು. ಆ ವಾಕ್ಯವನ್ನು ಈಗ ಮೂಲದ ಪಕ್ಕದ ಕಡತದಲ್ಲಿ ಯೂನಿಕೋಡಿನಲ್ಲಿ ಬರೆದಿರಿಸಿದ್ದೇವೆ; ಮೂಲದಲ್ಲಿರುವ ರೋಮನ್ ಅಕ್ಷರಗಳನ್ನು ಮುಟ್ಟಿಲ್ಲ.