ಆಟಕ್ಕೂ ನೇರಪ್ರಸಾರಕ್ಕೂ ಒಂದೇ ಗಣಕಯಂತ್ರ: ಬಿಡಿಭಾಗಗಳ ಆಯ್ಕೆ ಹೇಗೆ?

ಕೂಕಟ್‌ಪಲ್ಲಿ, ಕೆಪಿಎಚ್‌ಬಿ ಕಾಲೋನಿ, ಮಿಯಾಪುರ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಇಂಟರ್‌ಮೀಡಿಯೆಟ್ ಮುಗಿಸಿದ ಮಗನೋ, ಇಂಜಿನಿಯರಿಂಗ್ ಓದುತ್ತಿರುವ ಮಗಳೋ "ಅಪ್ಪಾ, ಗೇಮಿಂಗ್ ಪಿಸಿ ಬೇಕು, ಆಡುತ್ತಲೇ ಯೂಟ್ಯೂಬಿನಲ್ಲಿ ಲೈವ್ ಕೊಡಬೇಕು" ಎನ್ನುತ್ತಾರೆ. ಕೇಳುವ ಮೊತ್ತ ಸುಮಾರು ಒಂದು ಲಕ್ಷ ರೂಪಾಯಿ. ಮಕ್ಕಳು ತರುವ ಪಟ್ಟಿಯಲ್ಲಿರುವ ಹೆಸರುಗಳು ಹಿರಿಯರಿಗೆ ಅರ್ಥವಾಗುವುದಿಲ್ಲ. ಅಂಗಡಿಯವರು ತೋರಿಸುವ ಬಣ್ಣದ ದೀಪಗಳು ಮಕ್ಕಳ ಕಣ್ಣು ಕುಕ್ಕುತ್ತವೆ. ಇವೆರಡರ ನಡುವೆ ಮನೆಯ ಉಳಿತಾಯ ವ್ಯರ್ಥವಾಗದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಎರಡು ಕೆಲಸ, ಒಂದು ಯಂತ್ರ

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಯಂತ್ರ ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡಬೇಕು. ಒಂದು, ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ರಚಿಸುವುದು. ಇನ್ನೊಂದು, ಹಾಗೆ ರಚಿತವಾದ ಚಿತ್ರಗಳನ್ನು ಕುಗ್ಗಿಸಿ ಅಂತರ್ಜಾಲಕ್ಕೆ ಕಳುಹಿಸುವುದು. ಎರಡನೆಯದು ಸುಲಭವೆಂದು ಹಲವರು ಭಾವಿಸುತ್ತಾರೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 1920x1080 ಅಳತೆಯ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೆ 12 ಕೋಟಿಗೂ ಮಿಕ್ಕಿದ ಚುಕ್ಕಿಗಳು. ಪ್ರತಿ ಚುಕ್ಕಿಗೆ 24 ಬಿಟ್‌ಗಳೆಂದು ಹಿಡಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಮಾಹಿತಿಯಾಯಿತು. ಇದನ್ನು 6 ಮೆಗಾಬಿಟ್‌ಗೆ ಇಳಿಸಿದರೆ ಮಾತ್ರ ಮನೆಯ ಸಂಪರ್ಕದಲ್ಲಿ ಹಾಯಾಗಿ ಹರಿಯುತ್ತದೆ. ಅಂದರೆ ಸುಮಾರು ಐನೂರರಲ್ಲಿ ಒಂದು ಪಾಲು. ಈ ಕುಗ್ಗಿಸುವಿಕೆಗೆ ಎನ್‌ಕೋಡಿಂಗ್ ಎಂದು ಹೆಸರು. ಇದನ್ನು ಯಾವ ಭಾಗ ಮಾಡುತ್ತದೆ ಎಂಬ ಪ್ರಶ್ನೆಯಿಂದಲೇ ಆಯ್ಕೆ ಆರಂಭವಾಗಬೇಕು.

ಹಣದ ಹಂಚಿಕೆ

ಒಟ್ಟು ಮೊತ್ತದಲ್ಲಿ ಕಾಲುಭಾಗವನ್ನು ಪೆಟ್ಟಿಗೆಯ ಹೊರಗಿನ ವಸ್ತುಗಳಿಗೆ, ಅಂದರೆ ಮಾನಿಟರ್, ಯುಪಿಎಸ್, ಮೈಕ್, ಕೀಲಿಮಣೆಗಳಿಗೆ ತೆಗೆದಿಡುವುದು ಲೇಸು. ಉಳಿದ ಮೊತ್ತವನ್ನು ನೂರು ಎಂದು ಹಿಡಿದರೆ ಈ ಕೆಳಗಿನ ಹಂಚಿಕೆ ಸಮತೋಲನದ್ದಾಗಿರುತ್ತದೆ:

ಗ್ರಾಫಿಕ್ಸ್ ಕಾರ್ಡ್ – 36
ಪ್ರೊಸೆಸರ್ ಮತ್ತು ಅದರ ಕೂಲರ್ – 18
ಮದರ್‌ಬೋರ್ಡ್ – 12
ಮೆಮೊರಿ – 12
ಎಸ್‌ಎಸ್‌ಡಿ – 8
ಎಸ್‌ಎಂಪಿಎಸ್ – 8
ಕ್ಯಾಬಿನೆಟ್ ಮತ್ತು ಫ್ಯಾನುಗಳು – 6

ಇದು ಕಟ್ಟುನಿಟ್ಟಿನ ಸೂತ್ರವಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಅಂತಹ ಸಮಯದಲ್ಲಿ ಮೆಮೊರಿಯ ಪಾಲು ಹೆಚ್ಚುತ್ತದೆ, ಬೇರೆಡೆ ಕಡಿತ ಮಾಡಬೇಕಾಗುತ್ತದೆ. ಆದರೆ ಆ ಕಡಿತ ಎಸ್‌ಎಂಪಿಎಸ್‌ನಲ್ಲಿ ಆಗಕೂಡದು. ಕಾರಣವನ್ನು ಮುಂದೆ ನೋಡೋಣ.

ಗ್ರಾಫಿಕ್ಸ್ ಕಾರ್ಡ್

ಎನ್‌ವಿಡಿಯಾ ಸಂಸ್ಥೆಯು 2012ರಿಂದ ತನ್ನ ಕಾರ್ಡುಗಳಲ್ಲಿ ಎನ್‌ಕೋಡಿಂಗ್‌ಗೆಂದೇ ಪ್ರತ್ಯೇಕ ವಿಭಾಗವನ್ನು ಅಳವಡಿಸುತ್ತ ಬಂದಿದೆ. ಅದರ ಹೆಸರು ಎನ್‌ವೆಂಕ್. 2018ರ ಟ್ಯೂರಿಂಗ್ ಪೀಳಿಗೆಯಲ್ಲಿ ಇದರ ಗುಣಮಟ್ಟ ಬಹಳ ಸುಧಾರಿಸಿತು. ಈ ವಿಭಾಗವು ಆಟದ ಚಿತ್ರ ರಚಿಸುವ ಭಾಗದಿಂದ ಬೇರೆಯಾಗಿರುವುದರಿಂದ ನೇರಪ್ರಸಾರ ನಡೆಯುತ್ತಿರುವಾಗಲೂ ಆಟದ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಲ್ಲಿಯೂ ಇಂತಹ ವ್ಯವಸ್ಥೆ ಇದೆ. ಕಡಿಮೆ ಬಿಟ್‌ಗಳಲ್ಲಿ ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಎವಿ1 ಎಂಬ ಹೊಸ ವಿಧಾನವು 2022ರಲ್ಲಿ ಈ ಮೂರೂ ಸಂಸ್ಥೆಗಳ ಕಾರ್ಡುಗಳಿಗೆ ಬಂದಿತು.

ಅಗ್ಗದ ಕಾರ್ಡು ಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಎನ್‌ವಿಡಿಯಾದ ಜಿಟಿ 1030 ಕಾರ್ಡಿನಲ್ಲಿ ಎನ್‌ಕೋಡಿಂಗ್ ವಿಭಾಗವೇ ಇಲ್ಲ. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡುಗಳಲ್ಲಿಯೂ ಇಲ್ಲ. ಇವುಗಳಲ್ಲಿ ಆಟ ಆಡಬಹುದು. ಪ್ರಸಾರದ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹಳೆಯ ದಾಸ್ತಾನಿನಿಂದಲೋ ಕೈಬದಲಾದ ಸರಕಿನಿಂದಲೋ ಇವು ಕಡಿಮೆ ಬೆಲೆಗೆ ಸಿಕ್ಕರೂ ಈ ಉದ್ದೇಶಕ್ಕೆ ಕೊಳ್ಳಬಾರದು.

ಕಾರ್ಡಿನ ಸ್ವಂತ ಮೆಮೊರಿಯನ್ನೂ ಗಮನಿಸಬೇಕು. 1080 ಅಳತೆಯ ಮಾನಿಟರ್‌ಗೆ 8 ಜಿಬಿ ಕನಿಷ್ಠ. 1440 ಅಳತೆಗೆ 12 ಅಥವಾ 16 ಜಿಬಿ ಇರುವುದು ಒಳಿತು. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060ರಲ್ಲಿ 8 ಜಿಬಿ ಇದೆ. ಅದೇ ವರ್ಷದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡುಗಳು 8 ಜಿಬಿ, 16 ಜಿಬಿ ಎಂಬ ಎರಡು ರೂಪಗಳಲ್ಲಿ ಬಂದಿವೆ. ಹೆಸರು ಒಂದೇ ಆಗಿರುವುದರಿಂದ ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆಯನ್ನು ಓದದೆ ಹಣ ಕೊಡಬಾರದು.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಎನ್‌ಕೋಡಿಂಗ್ ಕೆಲಸವನ್ನು ಕಾರ್ಡು ವಹಿಸಿಕೊಂಡರೆ ಆರು ಕೋರ್‌ಗಳ ಪ್ರೊಸೆಸರ್ ಹೆಚ್ಚಿನವರಿಗೆ ಸಾಕಾಗುತ್ತದೆ. ವಿಡಿಯೋ ಸಂಕಲನವನ್ನೂ ಮಾಡುವವರಿಗೆ ಎಂಟು ಕೋರ್ ಉತ್ತಮ. ಮಾದರಿಯ ಕೊನೆಯಲ್ಲಿ ಬರುವ ಅಕ್ಷರವನ್ನು ನೋಡಬೇಕು. ಇಂಟೆಲ್‌ನಲ್ಲಿ 'ಎಫ್' ಎಂದಿದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದರ್ಥ. ಅದರೊಡನೆ ಕ್ವಿಕ್ ಸಿಂಕ್ ಎಂಬ ಎನ್‌ಕೋಡಿಂಗ್ ಸೌಲಭ್ಯವೂ ಇಲ್ಲವಾಗುತ್ತದೆ. ಕಾರ್ಡು ಕೆಟ್ಟ ದಿನ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತಿದ್ದುದನ್ನು ಸಂಸ್ಥೆಯೇ 2024ರಲ್ಲಿ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಇವನ್ನು ಕೊಂಡವರು ಮದರ್‌ಬೋರ್ಡಿನ ಬಯಾಸ್ ನವೀಕರಿಸುವುದನ್ನು ಮರೆಯಬಾರದು.

ಮದರ್‌ಬೋರ್ಡ್ ಆರಿಸುವಾಗ ಪ್ರೊಸೆಸರ್ ಕೂರುವ ಸಾಕೆಟ್ ಮುಖ್ಯ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂದಿತು. 2027 ಹಾಗೂ ಮುಂದಕ್ಕೂ ಅದನ್ನು ಬೆಂಬಲಿಸುವುದಾಗಿ ಸಂಸ್ಥೆ ಹೇಳಿದೆ. ಅಂದರೆ ಮೂರು ವರ್ಷಗಳ ನಂತರ ಬೋರ್ಡನ್ನು ಬದಲಿಸದೆ ಪ್ರೊಸೆಸರನ್ನಷ್ಟೇ ಬದಲಿಸುವ ಸಾಧ್ಯತೆ ಉಳಿಯುತ್ತದೆ.

ಮೆಮೊರಿ ಮತ್ತು ಸಂಗ್ರಹ

ಆಟದೊಡನೆ ಪ್ರಸಾರವೂ ನಡೆಯಬೇಕಾದರೆ 16 ಜಿಬಿ ಕನಿಷ್ಠ, 32 ಜಿಬಿ ಸುಖಕರ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ವೇಗವಾಗಿ ಕೆಲಸ ಮಾಡುತ್ತವೆ. ನಾಲ್ಕು ಖಾನೆಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಖಾನೆಗಳಲ್ಲಿ ಅವುಗಳನ್ನು ಕೂರಿಸಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಚಾಲನೆ ಮಾಡದಿದ್ದರೆ ಹಣ ಕೊಟ್ಟ ವೇಗ ದೊರೆಯುವುದಿಲ್ಲ. ಡಿಡಿಆರ್4 ಪಟ್ಟಿ ಡಿಡಿಆರ್5 ಬೋರ್ಡಿನಲ್ಲಿ ಕೂರುವುದಿಲ್ಲವೆಂಬುದೂ ನೆನಪಿರಲಿ.

ಸಂಗ್ರಹಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸೂಕ್ತ. ಪ್ರಸಾರವನ್ನು 20 ಮೆಗಾಬಿಟ್ ಗುಣಮಟ್ಟದಲ್ಲಿ ಮುದ್ರಿಸಿಡುವುದಾದರೆ ಗಂಟೆಗೆ 9 ಜಿಬಿ ತುಂಬುತ್ತದೆ. ಹಳೆಯ ಮುದ್ರಿಕೆಗಳಿಗೆ ಸಾಧಾರಣ ಹಾರ್ಡ್‌ಡಿಸ್ಕ್ ಸಾಕು.

ಎಸ್‌ಎಂಪಿಎಸ್ ಮತ್ತು ಯುಪಿಎಸ್

ಯಾರ ಗಮನಕ್ಕೂ ಬಾರದ ಭಾಗವಿದು. ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಮಗನ ಮೊದಲ ಯಂತ್ರಕ್ಕೆ ನಗರದ ಒಂದು ಅಂಗಡಿಯಲ್ಲಿ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸಿ ಸುಮಾರು ಮೂರು ಸಾವಿರ ರೂಪಾಯಿ ಉಳಿಸಿದೆವೆಂದು ಸಂತೋಷಪಟ್ಟಿದ್ದೆವು. ಬಿಲ್ಲು ಬೇಡವೆಂದರೆ ಇನ್ನಷ್ಟು ಕಡಿಮೆ ಎಂದಾಗ ಅದಕ್ಕೂ ತಲೆಯಾಡಿಸಿದ್ದೆ. ಒಂದು ಮಳೆಗಾಲದ ಸಂಜೆ ವಿದ್ಯುತ್ ಹೋಗಿ ಬಂದು ಮಾಡುತ್ತಿದ್ದಾಗ ಅದು ಸುಟ್ಟಿತು. ತಾನೊಂದೇ ಸುಡದೆ ಮದರ್‌ಬೋರ್ಡನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಕರೆದೊಯ್ದಿತು. ಬಿಲ್ಲಿಲ್ಲದ ಕಾರಣ ವಾರಂಟಿಯ ಮಾತೆತ್ತಲೂ ಆಗಲಿಲ್ಲ. ದಿನವಿಡೀ ಪರರ ಕಾಗದಪತ್ರಗಳನ್ನು ಪರಿಶೀಲಿಸುವ ಬ್ಯಾಂಕ್ ನೌಕರನಾಗಿಯೂ ಸ್ವಂತ ಖರೀದಿಗೆ ಕಾಗದ ಕೇಳಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಇದೆ.

ಆದುದರಿಂದ ಲೆಕ್ಕ ಹಾಕಿಯೇ ಕೊಳ್ಳಬೇಕು. ಮಧ್ಯಮ ಪ್ರೊಸೆಸರ್‌ಗೆ 90ರಿಂದ 150 ವ್ಯಾಟ್, ಮೇಲೆ ಹೇಳಿದ ಕಾರ್ಡುಗಳಿಗೆ 145ರಿಂದ 190 ವ್ಯಾಟ್, ಉಳಿದವಕ್ಕೆ 75 ವ್ಯಾಟ್ ಹಿಡಿದರೆ ಸುಮಾರು 400 ವ್ಯಾಟ್ ಆಗುತ್ತದೆ. ಇದಕ್ಕೆ 550ರಿಂದ 650 ವ್ಯಾಟ್‌ಗಳ, ಹೆಸರಾಂತ ತಯಾರಕರ ಎಸ್‌ಎಂಪಿಎಸ್ ಬೇಕು. 2004ರಲ್ಲಿ ಆರಂಭವಾದ '80 ಪ್ಲಸ್' ಮುದ್ರೆಯು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ರಕ್ಷಣೆಯ ಗುಣಮಟ್ಟಕ್ಕೆ ಅದು ಪ್ರಮಾಣಪತ್ರವಲ್ಲ. ವಾರಂಟಿ ಐದು ವರ್ಷವೋ ಅದಕ್ಕಿಂತ ಹೆಚ್ಚೋ ಇದ್ದರೆ ತಯಾರಕರಿಗೇ ತಮ್ಮ ವಸ್ತುವಿನ ಮೇಲೆ ಭರವಸೆ ಇದೆಯೆಂದು ತಿಳಿಯಬಹುದು.

ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್‌ಗಳನ್ನಷ್ಟೇ ಹೊರಬಲ್ಲದು. ಇಂತಹ ಯಂತ್ರಕ್ಕೆ 1000 ವಿಎಗೆ ಕಡಿಮೆಯಿಲ್ಲದ ಯುಪಿಎಸ್ ಬೇಕು. ಇನ್ನು ಬಳಕೆಯ ಖರ್ಚು: 400 ವ್ಯಾಟ್‌ಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ನಡೆದರೆ ತಿಂಗಳಿಗೆ 48 ಯೂನಿಟ್.

ಕ್ಯಾಬಿನೆಟ್ ಮತ್ತು ಬಿಸಿ

ಹೈದರಾಬಾದಿನಲ್ಲಿ ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿರುವ ಕ್ಯಾಬಿನೆಟ್ ನೋಡಲು ಚಂದ, ಒಳಗಿನ ಭಾಗಗಳಿಗೆ ಕುಲುಮೆ. ಮುಂಭಾಗದಲ್ಲಿ ಜಾಲರಿ, ಗಾಳಿ ಒಳಗೆಳೆಯಲು ಎರಡು ಫ್ಯಾನು, ಹೊರಹಾಕಲು ಒಂದು, ತೆಗೆದು ತೊಳೆಯಬಹುದಾದ ಧೂಳುಪರದೆ ಇರುವುದನ್ನೇ ಆರಿಸಬೇಕು. ಹೆದ್ದಾರಿಯ ಬದಿಯಲ್ಲಿ ವಾಸಿಸುವವರು ಆ ಪರದೆಯನ್ನು ತಿಂಗಳಿಗೊಮ್ಮೆಯಾದರೂ ತೊಳೆಯಬೇಕು.

ಸಂಪರ್ಕ ಮತ್ತು ಧ್ವನಿ

ಪ್ರಸಾರಕ್ಕೆ ಬೇಕಾದುದು ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್ ವೇಗ. 6 ಮೆಗಾಬಿಟ್ ಪ್ರಸಾರಕ್ಕೆ ಅಡೆತಡೆಯಿಲ್ಲದ 10 ಮೆಗಾಬಿಟ್ ಅಪ್‌ಲೋಡ್ ಇರಲಿ. ಗಂಟೆಗೆ 2.7 ಜಿಬಿ ಖರ್ಚಾಗುತ್ತದೆ. ವೈಫೈಗಿಂತ ತಂತಿಯ ಸಂಪರ್ಕ ಹೆಚ್ಚು ಸ್ಥಿರ. ಚಿತ್ರ ಸ್ವಲ್ಪ ಮಸುಕಾದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ. ಫ್ಯಾನು, ಕುಕ್ಕರ್, ಬೀದಿಯ ಸದ್ದು ಇರುವ ಮನೆಗಳಲ್ಲಿ ಕಂಡೆನ್ಸರ್ ಮೈಕ್‌ಗಿಂತ ಬಾಯಿಯ ಹತ್ತಿರ ಹಿಡಿಯುವ ಡೈನಮಿಕ್ ಮೈಕ್ ವಾಸಿ. ತಂತ್ರಾಂಶಕ್ಕೆ ಹಣ ಬೇಕಿಲ್ಲ: 2012ರಲ್ಲಿ ಆರಂಭವಾದ ಒಬಿಎಸ್ ಉಚಿತವಾಗಿದೆ. ಅದರಲ್ಲಿ ಯೂನಿಕೋಡ್ ಕನ್ನಡ ಅಕ್ಷರಗಳನ್ನು ಪರದೆಯ ಮೇಲೆ ನೇರವಾಗಿ ಮೂಡಿಸಬಹುದು.

ಖರೀದಿ

ಕೂಕಟ್‌ಪಲ್ಲಿಯಿಂದ ಮೆಟ್ರೋ ಹಿಡಿದು ಅಮೀರ್‌ಪೇಟೆಯಲ್ಲಿ ಮಾರ್ಗ ಬದಲಿಸಿ ಪ್ಯಾರಡೈಸ್ ನಿಲ್ದಾಣದಲ್ಲಿ ಇಳಿದರೆ ಸಿಕಂದರಾಬಾದಿನ ಪಾರ್ಕ್‌ಲೇನ್ ಸಮೀಪವಾಗುತ್ತದೆ. ಅಲ್ಲಿನ ಚೆನಾಯ್ ಟ್ರೇಡ್ ಸೆಂಟರ್, ಜನರ ಬಾಯಲ್ಲಿ ಸಿಟಿಸಿ, ಬೆಂಗಳೂರಿನ ಎಸ್‌ಪಿ ರಸ್ತೆಯಂತೆ ಗಣಕ ಬಿಡಿಭಾಗಗಳ ಮಾರುಕಟ್ಟೆ. ಮೊದಲು ಮೂರು ಅಂಗಡಿಗಳಲ್ಲಿ ಬರಹದಲ್ಲಿ ದರಪಟ್ಟಿ ಪಡೆದು, ಅಂತರ್ಜಾಲದ ಬೆಲೆಗಳೊಡನೆ ಹೋಲಿಸಿ ನೋಡಿ. ಬೋರ್ಡಿನ, ಎಸ್‌ಎಂಪಿಎಸ್‌ನ ಪೂರ್ಣ ಮಾದರಿ ಹೆಸರು ಪಟ್ಟಿಯಲ್ಲಿರಬೇಕು. "650 ವ್ಯಾಟ್ ಎಸ್‌ಎಂಪಿಎಸ್" ಎಂದಷ್ಟೇ ಬರೆದರೆ ಸಾಲದು. ಶೇ. 18 ಜಿಎಸ್‌ಟಿ ಸಹಿತವಾದ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿಡಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

"ಬಡ್ಡಿಯಿಲ್ಲದ ಕಂತು" ಎಂಬ ಮಾತಿಗೆ ಮರುಳಾಗಬಾರದು. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಸ್ಪಷ್ಟಪಡಿಸಿದೆ. ಬಡ್ಡಿಯು ಬೆಲೆಯಲ್ಲಿಯೋ ಕೈತಪ್ಪಿದ ರಿಯಾಯಿತಿಯಲ್ಲಿಯೋ ಅಡಗಿರುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ.

ಮನೆಯ ಹಿರಿಯರಿಗೆ

2025ರ ಜುಲೈ 22ರಿಂದ ಯೂಟ್ಯೂಬ್ ನೇರಪ್ರಸಾರಕ್ಕೆ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿದೆ. ಅದೇ ವರ್ಷದ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆ ನೀಡಿದೆ. ಈ ಎರಡನ್ನೂ ಮಕ್ಕಳೊಡನೆ ಕುಳಿತು ಮಾತನಾಡಿದ ಮೇಲೆಯೇ ಅಂಗಡಿಗೆ ಹೊರಡುವುದು ಒಳ್ಳೆಯದು. ಹೊಸ ಖಾತೆಯಲ್ಲಿ ನೇರಪ್ರಸಾರದ ಅನುಮತಿಗೆ 24 ಗಂಟೆಗಳವರೆಗೆ ಹಿಡಿಯಬಹುದಾದುದರಿಂದ ಮೊದಲ ಪ್ರಸಾರದ ಹಿಂದಿನ ದಿನವೇ ಸಿದ್ಧತೆ ಮಾಡಿಕೊಳ್ಳಬೇಕು.

ಇಂತಹ ಯಂತ್ರವೊಂದು ಮನೆಗೆ ಬಂದರೆ ಅದು ಆಟಕ್ಕಷ್ಟೇ ಮೀಸಲಾಗಬೇಕಿಲ್ಲ. ಒಂದು ಕ್ಯಾಪ್ಚರ್ ಕಾರ್ಡು, ಒಂದು ಕ್ಯಾಮೆರಾ ಸೇರಿಸಿದರೆ ರಾಜ್ಯೋತ್ಸವದ ಕಾರ್ಯಕ್ರಮವನ್ನೋ ತಾಳಮದ್ದಳೆಯನ್ನೋ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ನೇರವಾಗಿ ತೋರಿಸಬಹುದು. ಆ ಕೆಲಸಕ್ಕೆ ನಮ್ಮ ಸಂಘಗಳಿಗೆ ಹುಡುಗ ಹುಡುಗಿಯರ ಕೈಗಳು ಬೇಕಾಗಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಆದರೆ ಕಣ್ಣಿಗೆ ಕಾಣದ ಭಾಗಗಳಲ್ಲಿ ಜಿಪುಣತನ ಬೇಡ.