ಬಂಡೆಯ ಅಕ್ಷರ, ಪೆನ್‌ಡ್ರೈವಿನ ಅಕ್ಷರ

ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಾಲದ ಬ್ರಾಹ್ಮೀ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ ಆ ಅಕ್ಷರಗಳು ಬಂಡೆಯ ಮೇಲೆ ಉಳಿದಿದ್ದರೂ ಅವುಗಳನ್ನು ಓದಬಲ್ಲವರು ಎಷ್ಟೋ ಶತಮಾನ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಮೇಲೆ ಇಂಥ ಶಾಸನಗಳು ಮತ್ತೆ ಮಾತನಾಡತೊಡಗಿದವು. ನಮ್ಮೂರಿನ ಶಾಸನಗಳ ಪಾಠವನ್ನು ಆರ್. ಎಲ್. ಟರ್ನರ್ 1932ರಲ್ಲಿ ಪ್ರಕಟಿಸಿದರು. ಬರೆದದ್ದು ಉಳಿಯುವುದು ಬೇರೆ, ಅದನ್ನು ಓದಲು ಸಾಧ್ಯವಾಗುವುದು ಬೇರೆ.

ಆತ್ಮೀಯರೇ, ಇದೇ ಸಂಕಟ ನಮ್ಮ ಕಾಲದ ಬರಹಕ್ಕೂ ಒದಗಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹೊಸ ಜಿಲ್ಲೆಯಾಯಿತು. 1998ರಲ್ಲಿ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡ ಬೆರಳಚ್ಚು ಮನೆಮನೆಗೆ ತಲುಪಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತಾದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗಿನ ಕಡತಗಳು ಆಯಾ ತಂತ್ರಾಂಶದ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ.

ನನ್ನ ಬಳಿ ಅಂಥ ಒಂದು ಪೆನ್‌ಡ್ರೈವ್ ಇದೆ. ನಿಮ್ಮಲ್ಲೇ ಹಲವರು ಹಳ್ಳಿಗಳಲ್ಲಿ ಅಜ್ಜಿಯರಿಂದ ಕೇಳಿ ಬರೆದು ತಂದ ಬೀಸುವ ಪದಗಳು ಅದರಲ್ಲಿವೆ. ಹಾಡಿದವರಲ್ಲಿ ಬಹುಪಾಲು ಜನ ಈಗಿಲ್ಲ. ಆ ಕಾಲದ ಪುಟವಿನ್ಯಾಸದ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯದು.

ಇದಕ್ಕೆ ಉಪಾಯ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ತೋರಿಕೆಯ ಕಂಪ್ಯೂಟರ್. ಈ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗೆ ‘ವಿಎಂ/370’ ಒದಗಿಸಿತ್ತು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಇಂದಿಗೂ ನಡೆಸಬಹುದು.

ಆದರೆ ಪೆನ್‌ಡ್ರೈವ್ ಚುಚ್ಚಿದೊಡನೆ ಅದು ಒಳಗಿನ ಎಕ್ಸ್‌ಪಿಗೆ ಕಾಣುವುದಿಲ್ಲ. ತಲೆಬಾಗಿಲಿಗೆ ಬಂದವರನ್ನು ಮನೆಯ ಯಜಮಾನನೇ ಮೊದಲು ಎದುರುಗೊಳ್ಳುವಂತೆ, ಹೊರಗಿನ ವ್ಯವಸ್ಥೆ ಅದನ್ನು ಹಿಡಿದುಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ನ ‘ಡಿವೈಸಸ್’ ಪಟ್ಟಿಯ ‘ಯುಎಸ್‌ಬಿ’ಯಲ್ಲಿ ಅದರ ಹೆಸರನ್ನು ಆರಿಸಿದರೆ ಹೊರಗಿನದು ಕೈಬಿಟ್ಟು ಒಳಗಿನದಕ್ಕೆ ಒಪ್ಪಿಸುತ್ತದೆ. ಒಂದೇ ಕಾಲಕ್ಕೆ ಎರಡೂ ಕಡೆ ಅದು ಇರಲಾರದು. ಹೊರಗೆ ಲಿನಕ್ಸ್ ಇದ್ದರೆ ಬಳಕೆದಾರನನ್ನು ‘ವಿಬಾಕ್ಸ್‌ಯೂಸರ್ಸ್’ ಗುಂಪಿಗೆ ಸೇರಿಸಬೇಕು. ಕೆಲಸ ಮುಗಿದ ಮೇಲೆ ಒಳಗಿನಿಂದಲೇ ಮೊದಲು ಕ್ರಮವಾಗಿ ಬಿಡಿಸಬೇಕು. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತುಹೋದುದರಿಂದ ಅದಕ್ಕೆ ಅಂತರಜಾಲದ ಸಂಪರ್ಕ ಕೊಡದಿರುವುದು ಕ್ಷೇಮ.

ಬಂಡೆಯ ಅಕ್ಷರ ಎರಡು ಸಾವಿರ ವರ್ಷ ಕಾಯಿತು. ಪೆನ್‌ಡ್ರೈವಿನ ಅಕ್ಷರವಾದರೋ ಸೂಕ್ಷ್ಮ ವಿದ್ಯುದಂಶ. ಮುಟ್ಟದೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಸೋರಿಹೋಗಬಹುದು. ಆದ್ದರಿಂದ ನಿಮ್ಮ ಕಪಾಟುಗಳಲ್ಲಿ ಅಂಥವು ಇದ್ದರೆ ತೆರೆದು ನೋಡಿ, ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡಿ. ಆ ಹಾಡುಗಳನ್ನು ಓದಿಕೊಡಲು ಮುಂದೆ ಇನ್ನೊಬ್ಬ ಪ್ರಿನ್ಸೆಪ್ ಬರುವನೆಂದು ಕಾಯುವುದು ಬೇಡ.